ಜಾನುವಾರು ವಿಮೆ: ಪರಿಹಾರ ದೊರೆಯುವ ಮತ್ತು ಕೈತಪ್ಪುವ ಸಂದರ್ಭಗಳು

ಎರಡು ಮಿಶ್ರತಳಿ ಹಸುಗಳ ಹಾಲನ್ನು ಸಂಘಕ್ಕೆ ಹಾಕಿ ಸಂಸಾರ ನಡೆಸುವ ಕುಟುಂಬದಲ್ಲಿ ಒಂದು ಹಸು ಸತ್ತರೆ ಮನೆಯ ಆದಾಯದ ಅರ್ಧಭಾಗ ಒಂದೇ ದಿನದಲ್ಲಿ ನಿಂತುಹೋಗುತ್ತದೆ. ಹಸುವನ್ನು ಸಾಲ ಮಾಡಿ ಕೊಂಡಿದ್ದಲ್ಲಿ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. 2019ರಲ್ಲಿ ನಡೆದ 20ನೇ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 85 ಲಕ್ಷ ದನಗಳು ಹಾಗೂ ಸುಮಾರು 30 ಲಕ್ಷ ಎಮ್ಮೆಗಳು ಇದ್ದವು. ಇವುಗಳಲ್ಲಿ ದೊಡ್ಡ ಪಾಲು ಸಣ್ಣ ಮತ್ತು ಅತಿಸಣ್ಣ ರೈತರ ಹಾಗೂ ಭೂರಹಿತರ ಕೊಟ್ಟಿಗೆಗಳಲ್ಲಿಯೇ ಇವೆ. ಇಂತಹ ಕುಟುಂಬಗಳಿಗೆ ಆಕಸ್ಮಿಕ ನಷ್ಟದಿಂದ ರಕ್ಷಣೆ ಒದಗಿಸುವುದೇ ಜಾನುವಾರು ವಿಮೆಯ ಉದ್ದೇಶವಾಗಿರುತ್ತದೆ.

ಆದರೆ ವಿಮೆ ಮಾಡಿಸಿದವರೆಲ್ಲರ ಅನುಭವವೂ ಒಂದೇ ಬಗೆಯದಲ್ಲ. ಒಂದೇ ಗ್ರಾಮದಲ್ಲಿ, ಒಂದೇ ವರ್ಷದಲ್ಲಿ, ಒಂದೇ ಬಗೆಯ ಪಾಲಿಸಿ ಪಡೆದ ಇಬ್ಬರಲ್ಲಿ ಒಬ್ಬರಿಗೆ ಕೆಲವೇ ವಾರಗಳಲ್ಲಿ ಪರಿಹಾರ ದೊರೆತು, ಮತ್ತೊಬ್ಬರು ತಿಂಗಳುಗಟ್ಟಲೆ ಅಲೆದು ಬರಿಗೈಯಲ್ಲಿ ಹಿಂದಿರುಗುವುದುಂಟು. ಇಂತಹ ಪ್ರಕರಣಗಳನ್ನು ಗಮನಿಸಿದಾಗ, ಪರಿಹಾರದ ಹಣೆಬರಹವು ವಿಮಾ ಕಚೇರಿಯ ಮೇಜಿನ ಮೇಲೆ ತೀರ್ಮಾನವಾಗುವುದಕ್ಕಿಂತ ಮೊದಲೇ ಕೊಟ್ಟಿಗೆಯಲ್ಲಿ ತೀರ್ಮಾನವಾಗಿರುತ್ತದೆ ಎಂಬುದು ಕಂಡುಬರುತ್ತದೆ. ರಾಸಿಗೆ ವಿಮೆ ಮಾಡಿಸಿದ ದಿನ ಏನು ಬರೆಯಲಾಯಿತು ಹಾಗೂ ರಾಸು ಸತ್ತ ದಿನ ಏನು ಮಾಡಲಾಯಿತು ಎಂಬ ಎರಡು ಸಂಗತಿಗಳು ಇದರಲ್ಲಿ ಮುಖ್ಯವಾದವು.

ಯೋಜನೆಯ ಹಿನ್ನೆಲೆ

ಕೇಂದ್ರ ಪುರಸ್ಕೃತ ಜಾನುವಾರು ವಿಮಾ ಯೋಜನೆಯನ್ನು ಹತ್ತನೇ ಪಂಚವಾರ್ಷಿಕ ಯೋಜನೆಯ ಕೊನೆಯ ಭಾಗದಲ್ಲಿ, ಅಂದರೆ 2005-06 ಮತ್ತು 2006-07ನೇ ಸಾಲಿನಲ್ಲಿ, ದೇಶದ ಆಯ್ದ 100 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಕೈಗೊಳ್ಳಲಾಯಿತು. ಅಂದು ಮಿಶ್ರತಳಿ ಹಾಗೂ ಹೆಚ್ಚು ಹಾಲು ನೀಡುವ ಹಸು ಮತ್ತು ಎಮ್ಮೆಗಳಿಗೆ ಮಾತ್ರ, ಒಬ್ಬ ಫಲಾನುಭವಿಗೆ ಎರಡು ರಾಸುಗಳ ಮಿತಿಯಲ್ಲಿ, ವಿಮಾ ಕಂತಿನ ಅರ್ಧಭಾಗವನ್ನು ಸರ್ಕಾರ ಭರಿಸುತ್ತಿತ್ತು. 2014-15ರಿಂದ ಈ ಯೋಜನೆಯನ್ನು ರಾಷ್ಟ್ರೀಯ ಜಾನುವಾರು ಅಭಿಯಾನದಲ್ಲಿ ವಿಲೀನಗೊಳಿಸಿ, ಒಂದು ಕುಟುಂಬಕ್ಕೆ ಐದು ಜಾನುವಾರು ಘಟಕಗಳವರೆಗೆ ಅವಕಾಶ ಕಲ್ಪಿಸಲಾಯಿತು. ಕುರಿ, ಮೇಕೆಗಳಂತಹ ಸಣ್ಣ ಪ್ರಾಣಿಗಳಾದಲ್ಲಿ ಹತ್ತನ್ನು ಸೇರಿಸಿ ಒಂದು ಘಟಕವೆಂದು ಎಣಿಸಲಾಗುತ್ತದೆ.

2024ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಅನುಮೋದಿಸಿದ ಪರಿಷ್ಕರಣೆಯಿಂದ ಫಲಾನುಭವಿಯ ಹೊರೆ ಗಣನೀಯವಾಗಿ ಇಳಿದಿದೆ. ಅದಕ್ಕೆ ಮೊದಲು ವರ್ಗ ಹಾಗೂ ಪ್ರದೇಶಕ್ಕನುಗುಣವಾಗಿ ಶೇ. 20ರಿಂದ ಶೇ. 50ರವರೆಗೆ ಇದ್ದ ಫಲಾನುಭವಿಯ ಪಾಲನ್ನು ಶೇ. 15ಕ್ಕೆ ಇಳಿಸಲಾಯಿತು. ಉಳಿದ ಮೊತ್ತವನ್ನು ಕರ್ನಾಟಕದಂತಹ ರಾಜ್ಯಗಳಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು 60:40ರ ಅನುಪಾತದಲ್ಲಿ ಭರಿಸಬೇಕಾಗಿರುತ್ತದೆ. ಕುರಿ ಮತ್ತು ಮೇಕೆಗಳ ಮಿತಿಯನ್ನು ಹತ್ತು ಘಟಕಗಳಿಗೆ ಏರಿಸಲಾಯಿತು. ಉದಾಹರಣೆಗೆ, 60,000 ರೂ. ಬೆಲೆಯ ಹಸುವಿಗೆ ಕಂತಿನ ದರವು ಶೇ. 3 ಎಂದು ಭಾವಿಸಿದಲ್ಲಿ ವಾರ್ಷಿಕ ಕಂತು 1,800 ರೂ. ಆಗುತ್ತದೆ. ಅದರಲ್ಲಿ ಮಾಲೀಕರು ಕೊಡಬೇಕಾದುದು 270 ರೂ. ಮಾತ್ರ. ನಿಜವಾದ ದರವು ಆಯಾ ಸಾಲಿನಲ್ಲಿ ಆಯ್ಕೆಯಾದ ವಿಮಾ ಕಂಪನಿಯನ್ನೂ ಪಾಲಿಸಿಯ ಅವಧಿಯನ್ನೂ ಅವಲಂಬಿಸಿರುತ್ತದೆ. ಇದಲ್ಲದೆ ಹಲವು ಜಿಲ್ಲಾ ಹಾಲು ಒಕ್ಕೂಟಗಳು ತಮ್ಮ ಸದಸ್ಯರ ರಾಸುಗಳಿಗೆ ಪ್ರತ್ಯೇಕವಾಗಿ ಗುಂಪು ವಿಮೆ ಮಾಡಿಸುತ್ತವೆ.

ಕಂತು ಇಷ್ಟು ಕಡಿಮೆಯಾದ ಮೇಲೆ ವಿಮೆ ಮಾಡಿಸಲು ಹಣದ ಅಡಚಣೆಯು ದೊಡ್ಡದಲ್ಲ. ವಿಮೆ ಮಾಡಿಸಿಯೂ ಪರಿಹಾರ ಬಾರದಿರುವ ಅನುಭವವೇ, ಅಥವಾ ನೆರೆಯವರಿಗೆ ಹಾಗಾಯಿತೆಂಬ ಮಾತೇ, ಅನೇಕರನ್ನು ಹಿಂದೆ ಸರಿಯುವಂತೆ ಮಾಡುತ್ತದೆ.

ಜಾನುವಾರು ವಿಮೆಯು ಆರೋಗ್ಯ ವಿಮೆಯಲ್ಲ

ಮೊದಲ ತಪ್ಪು ಗ್ರಹಿಕೆ ಹುಟ್ಟುವುದು ಇಲ್ಲಿಯೇ. ಮನುಷ್ಯರ ಆರೋಗ್ಯ ವಿಮೆಯಲ್ಲಿ ಆಸ್ಪತ್ರೆಯ ವೆಚ್ಚ ದೊರೆಯುವಂತೆ, ಹಸು ಕಾಯಿಲೆ ಬಿದ್ದಾಗ ಔಷಧಿಯ ಖರ್ಚು, ಖಾಸಗಿ ವೈದ್ಯರ ಶುಲ್ಕ ಇವೆಲ್ಲ ವಿಮೆಯಿಂದ ಬರುತ್ತದೆಂದು ಹಲವರು ನಂಬಿರುತ್ತಾರೆ. ಸಾಮಾನ್ಯ ಜಾನುವಾರು ಪಾಲಿಸಿಯು ರಾಸಿನ ಮರಣಕ್ಕೆ ಮಾತ್ರ ಪರಿಹಾರ ನೀಡುತ್ತದೆ. ರೋಗ, ಅಪಘಾತ, ಹಾವು ಕಡಿತ, ಸಿಡಿಲು, ಬೆಂಕಿ, ಪ್ರವಾಹ, ಶಸ್ತ್ರಚಿಕಿತ್ಸೆ, ಹೆರಿಗೆಯ ತೊಡಕು ಮುಂತಾದ ಕಾರಣಗಳಿಂದ ಸಂಭವಿಸುವ ಸಾವು ಇದರಲ್ಲಿ ಒಳಪಡುತ್ತದೆ. ಕೆಚ್ಚಲು ಬಾವಿಗೆ ಹತ್ತು ದಿನ ಚಿಕಿತ್ಸೆ ಕೊಡಿಸಿ ಹಸು ಉಳಿದುಕೊಂಡರೆ ಚಿಕಿತ್ಸೆಯ ವೆಚ್ಚವನ್ನು ಮಾಲೀಕರೇ ಭರಿಸಬೇಕು. ಆದರೆ ಚಿಕಿತ್ಸೆಯ ದಾಖಲೆಗಳನ್ನು ಇಟ್ಟುಕೊಳ್ಳುವುದು ಅಗತ್ಯ. ಮುಂದೆ ರಾಸು ಸತ್ತಲ್ಲಿ, ನಿರ್ಲಕ್ಷ್ಯದಿಂದ ಸತ್ತಿತೆಂಬ ಆಕ್ಷೇಪಣೆಗೆ ಆ ಚೀಟಿಗಳೇ ಉತ್ತರವಾಗುತ್ತವೆ.

ಪಾಲಿಸಿಯ ವ್ಯಾಪ್ತಿಗೆ ಸೇರದ ಸಂದರ್ಭಗಳೂ ಉಂಟು. ವಿಮೆ ಪ್ರಾರಂಭವಾಗುವ ಮೊದಲೇ ಇದ್ದ ಕಾಯಿಲೆ, ಪ್ರಾರಂಭದ ಮೊದಲ 15 ದಿನಗಳಲ್ಲಿ ತಗುಲಿದ ರೋಗ, ಉದ್ದೇಶಪೂರ್ವಕವಾಗಿ ಮಾಡಿದ ಗಾಯ, ಕಳ್ಳತನ ಹಾಗೂ ಕಾಣೆಯಾಗುವಿಕೆ ಇವುಗಳಿಗೆ ಸಾಮಾನ್ಯವಾಗಿ ಪರಿಹಾರ ಇರುವುದಿಲ್ಲ. ಮೇಯಲು ಹೋದ ಹಸು ಮರಳಿ ಬಾರದಿದ್ದರೆ, ಅದು ಸತ್ತಿರಬಹುದೆಂಬ ಊಹೆಯ ಮೇಲೆ ಹಣ ದೊರೆಯುವುದಿಲ್ಲ. ಕಾಡಂಚಿನ ಗ್ರಾಮಗಳಲ್ಲಿ ಚಿರತೆ ಅಥವಾ ಹುಲಿ ಹಸುವನ್ನು ಕೊಂದಲ್ಲಿ ಅರಣ್ಯ ಇಲಾಖೆಯ ಪರಿಹಾರಕ್ಕೆ ಪ್ರತ್ಯೇಕ ವ್ಯವಸ್ಥೆ ಇದ್ದು, ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಕೂಡಲೇ ತಿಳಿಸಿ ಸ್ಥಳ ಮಹಜರು ಮಾಡಿಸುವುದು ಅವಶ್ಯಕ.

ಗಳಲೆ ರೋಗ, ಚಪ್ಪೆ ರೋಗ, ಕಾಲುಬಾಯಿ ಜ್ವರ, ನೆರಡಿ ರೋಗ ಮೊದಲಾದ ಸಾಂಕ್ರಾಮಿಕ ರೋಗಗಳಿಂದ ಸಾವು ಸಂಭವಿಸಿದಲ್ಲಿ, ಆಯಾ ರೋಗದ ವಿರುದ್ಧ ಲಸಿಕೆ ಹಾಕಿಸಿದ್ದರೆ ಮಾತ್ರ ಪರಿಹಾರ ಎಂಬ ಷರತ್ತು ಬಹುತೇಕ ಪಾಲಿಸಿಗಳಲ್ಲಿ ಇರುತ್ತದೆ. ಲಸಿಕೆ ಹಾಕಲು ಇಲಾಖೆಯ ಸಿಬ್ಬಂದಿ ಮನೆಬಾಗಿಲಿಗೆ ಬಂದಾಗ, ಹಾಲು ಇಳಿಯುತ್ತದೆಂಬ ಅಂಜಿಕೆಯಿಂದ ಹಸುವನ್ನು ಮುಂದೆ ತರದಿರುವ ರೈತರು ಇಂದಿಗೂ ಇದ್ದಾರೆ. ಲಸಿಕೆಯ ನಂತರ ಒಂದೆರಡು ದಿನ ಹಾಲು ಸ್ವಲ್ಪ ಕಡಿಮೆಯಾಗಬಹುದಾದರೂ, ಲಸಿಕೆ ಬಿಟ್ಟ ರಾಸು ರೋಗದಿಂದ ಸತ್ತಲ್ಲಿ ಹಸುವೂ ಇಲ್ಲ, ವಿಮೆಯ ಹಣವೂ ಇಲ್ಲ ಎಂಬ ಸ್ಥಿತಿ ಒದಗುತ್ತದೆ.

2022ರಲ್ಲಿ ಚರ್ಮಗಂಟು ರೋಗವು ರಾಜ್ಯದಲ್ಲಿ ವ್ಯಾಪಕವಾಗಿ ಹರಡಿದಾಗ ಈ ವ್ಯತ್ಯಾಸ ಸ್ಪಷ್ಟವಾಗಿ ಕಂಡಿತು. ಆ ರೋಗದಿಂದ ಸತ್ತ ರಾಸುಗಳ ಮಾಲೀಕರಿಗೆ ರಾಜ್ಯ ಸರ್ಕಾರವು ಹಸುವಿಗೆ 20,000 ರೂ., ಎತ್ತಿಗೆ 30,000 ರೂ. ಹಾಗೂ ಕರುವಿಗೆ 5,000 ರೂ.ಗಳ ಪರಿಹಾರ ಘೋಷಿಸಿತು. ಅದು ಸಂಕಷ್ಟದ ಕಾಲದ ನೆರವೇ ಹೊರತು ಹಸುವಿನ ಬೆಲೆಯಲ್ಲ. ಅದೇ ರೀತಿ, ಆಕಸ್ಮಿಕವಾಗಿ ಮರಣ ಹೊಂದುವ ರಾಸುಗಳಿಗೆ ನೆರವು ನೀಡುವ ರಾಜ್ಯದ ಅನುಗ್ರಹ ಯೋಜನೆಯಲ್ಲಿ ದನ, ಎಮ್ಮೆ, ಎತ್ತುಗಳಿಗೆ ಇದ್ದ 10,000 ರೂ.ಗಳನ್ನು 15,000 ರೂ.ಗಳಿಗೆ ಹಾಗೂ ಕುರಿ, ಮೇಕೆಗಳಿಗೆ ಇದ್ದ 5,000 ರೂ.ಗಳನ್ನು 7,500 ರೂ.ಗಳಿಗೆ ಹೆಚ್ಚಿಸುವುದಾಗಿ 2025-26ನೇ ಸಾಲಿನ ಆಯವ್ಯಯದಲ್ಲಿ ಪ್ರಕಟಿಸಲಾಯಿತು. ಉತ್ತಮ ಮಿಶ್ರತಳಿ ಹಸುವೊಂದನ್ನು ಮತ್ತೆ ಕೊಳ್ಳಲು ಈ ಮೊತ್ತಗಳು ಸಾಲುವುದಿಲ್ಲ. ಆದುದರಿಂದ ನೆರವಿನ ಯೋಜನೆಗಳನ್ನು ವಿಮೆಗೆ ಬದಲಿಯೆಂದು ಭಾವಿಸುವುದು ಸೂಕ್ತವಲ್ಲ.

ಕಿವಿಯೋಲೆ ಇಲ್ಲದಿದ್ದರೆ ಪರಿಹಾರವಿಲ್ಲ

ತಿರಸ್ಕೃತವಾಗುವ ಕ್ಲೇಮುಗಳ ವಿಷಯದಲ್ಲಿ ಮತ್ತೆ ಮತ್ತೆ ಕೇಳಿಬರುವ ಕಾರಣವೆಂದರೆ ಕಿವಿಯೋಲೆ. ವಿಮಾ ಕಂಪನಿಯ ದೃಷ್ಟಿಯಲ್ಲಿ ವಿಮೆಗೆ ಒಳಪಟ್ಟಿರುವುದು ಮಾಲೀಕರು ಹೆಸರಿಟ್ಟು ಕರೆಯುವ ಹಸುವಲ್ಲ, ನಿರ್ದಿಷ್ಟ ಸಂಖ್ಯೆಯ ಓಲೆ ಧರಿಸಿರುವ ಹಸು. ಸತ್ತ ರಾಸಿನ ಕಿವಿಯಲ್ಲಿ ಆ ಸಂಖ್ಯೆ ಇಲ್ಲದಿದ್ದರೆ, ವಿಮೆ ಮಾಡಿಸಿದ ರಾಸು ಇದೇ ಎಂದು ಸಾಬೀತುಪಡಿಸುವ ಹೊಣೆ ಮಾಲೀಕರ ಮೇಲೆ ಬೀಳುತ್ತದೆ.

ಈ ನಿಯಮವು ಕಠಿಣವೆನಿಸಿದರೂ ಅದಕ್ಕೆ ಹಿನ್ನೆಲೆಯಿದೆ. ಒಂದು ರಾಸಿಗೆ ವಿಮೆ ಮಾಡಿಸಿ, ವಿಮೆಯಿಲ್ಲದ ಮತ್ತೊಂದು ರಾಸು ಸತ್ತಾಗ ಅದರ ಹೆಸರಿನಲ್ಲಿ ಹಣ ಪಡೆಯುವ ವಂಚನೆಯನ್ನು ತಡೆಯಲು ಓಲೆಯ ಹೊರತು ಸುಲಭವಾದ ಬೇರೆ ಸಾಧನ ಹಳ್ಳಿಗಳಲ್ಲಿ ಇರಲಿಲ್ಲ. ಕಪ್ಪು ಬಿಳುಪಿನ ಎಚ್‌.ಎಫ್‌. ಮಿಶ್ರತಳಿಯ ಎರಡು ಹಸುಗಳನ್ನು ಭಾವಚಿತ್ರದಲ್ಲಿ ಬೇರ್ಪಡಿಸುವುದು ಅವುಗಳನ್ನು ಸಾಕಿದವರಿಗೆ ಸುಲಭವಾದರೂ ನಗರದ ಕಚೇರಿಯಲ್ಲಿ ಕುಳಿತವರಿಗೆ ಸುಲಭವಲ್ಲ.

ಓಲೆ ಬಿದ್ದುಹೋಗುವುದಕ್ಕೆ ಕಾರಣಗಳು ಹಲವಾರು. ಮುಳ್ಳುಬೇಲಿಗೆ, ಗೊಂತಿನ ಕಂಬಕ್ಕೆ ಸಿಕ್ಕಿ ಕಿವಿ ಹರಿಯುವುದು ಸಾಮಾನ್ಯ. ಓಲೆ ಹಾಕಿದ ಜಾಗದಲ್ಲಿ ಗಾಯವಾಗಿ ನೊಣ ಕುಳಿತು ಹುಳು ಬಿದ್ದಾಗ ಮಾಲೀಕರೇ ಅದನ್ನು ಕತ್ತರಿಸಿ ತೆಗೆಯುವುದೂ ಉಂಟು. ಹಸುವಿನ ಸಂಕಟ ನೋಡಲಾರದೆ ಮಾಡುವ ಈ ಕೆಲಸ ಸಹಜವಾದುದೇ ಆದರೂ ತೆಗೆದ ನಂತರ ಯಾರಿಗೂ ತಿಳಿಸದೆ ಇರುವುದರಿಂದ ತೊಂದರೆ ಉಂಟಾಗುತ್ತದೆ. ಓಲೆ ಬಿದ್ದ ಕೂಡಲೇ ಪಶು ಚಿಕಿತ್ಸಾಲಯಕ್ಕೂ ವಿಮಾ ಕಂಪನಿಗೂ ಬರಹದ ಮೂಲಕ ತಿಳಿಸಿ, ಹೊಸ ಓಲೆ ಹಾಕಿಸಿ, ಹೊಸ ಸಂಖ್ಯೆಯನ್ನು ಪಾಲಿಸಿಯಲ್ಲಿ ಸೇರ್ಪಡೆ ಮಾಡಿಸಿಕೊಳ್ಳಬೇಕು. ಹೊಸ ಓಲೆ ಹಾಕಿಸಿದರೆ ಸಾಲದು; ಪಾಲಿಸಿಯಲ್ಲಿ ಹಳೆಯ ಸಂಖ್ಯೆಯೇ ಉಳಿದಿದ್ದರೆ ಓಲೆ ಇದ್ದೂ ಇಲ್ಲದಂತೆಯೇ ಸರಿ.

ಇಂದು ಬಹುತೇಕ ರಾಸುಗಳ ಕಿವಿಯಲ್ಲಿ 12 ಅಂಕಿಗಳ ಹಳದಿ ಓಲೆ ಇರುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಪ್ರಾರಂಭವಾದ ಕಾಲುಬಾಯಿ ಜ್ವರ ಹಾಗೂ ಕಂದು ರೋಗ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಿಂದ ಈ ಓಲೆಗಳು ಹಳ್ಳಿಹಳ್ಳಿಗೂ ತಲುಪಿದವು. ಈ ಸಂಖ್ಯೆಯ ಮೂಲಕ ರಾಸಿನ ತಳಿ, ವಯಸ್ಸು, ಲಸಿಕೆ, ಕೃತಕ ಗರ್ಭಧಾರಣೆ ಮುಂತಾದ ವಿವರಗಳನ್ನು ಗಣಕೀಕೃತ ದಾಖಲೆಯಲ್ಲಿ ಸೇರಿಸಲಾಗುತ್ತದೆ. ಆದರೆ ಈ ಓಲೆ ಇದ್ದ ಮಾತ್ರಕ್ಕೆ ರಾಸಿಗೆ ವಿಮೆ ಆಗಿದೆ ಎಂದು ಅರ್ಥವಲ್ಲ. ಲಸಿಕೆಗಾಗಿ ಹಾಕಿದ ಓಲೆಯನ್ನು ವಿಮೆಯ ಓಲೆಯೆಂದು ತಿಳಿದು, ಕಂತು ಕಟ್ಟದೆಯೇ ಪರಿಹಾರ ಕೇಳಲು ಬರುವವರೂ ಇದ್ದಾರೆ.

ರಾಸಿನ ಬೆಲೆಯನ್ನು ನಿಗದಿಪಡಿಸುವ ಬಗೆ

ವಿಮಾ ಮೊತ್ತವನ್ನು ಮಾಲೀಕರು ಮತ್ತು ವಿಮಾ ಕಂಪನಿಯವರು ಸಾಧ್ಯವಾದಷ್ಟೂ ಪಶುವೈದ್ಯಾಧಿಕಾರಿಗಳ ಸಮ್ಮುಖದಲ್ಲಿ ಜಂಟಿಯಾಗಿ ನಿರ್ಧರಿಸಬೇಕೆಂದು ಯೋಜನೆಯ ಮಾರ್ಗಸೂಚಿಯಲ್ಲಿ ತಿಳಿಸಲಾಗಿದೆ. 2014-15ರಿಂದ ಜಾರಿಗೆ ಬಂದ ಮಾರ್ಗಸೂಚಿಯಲ್ಲಿ ಹಸುವಿನ ದಿನದ ಹಾಲಿನ ಪ್ರತಿ ಲೀಟರಿಗೆ 3,000 ರೂ. ಹಾಗೂ ಎಮ್ಮೆಗೆ 4,000 ರೂ.ಗಳಂತೆ ಕನಿಷ್ಠ ಬೆಲೆ ಕಟ್ಟುವ ಅಥವಾ ಸ್ಥಳೀಯ ಮಾರುಕಟ್ಟೆಯ ಬೆಲೆಯನ್ನು ಅನುಸರಿಸುವ ಕ್ರಮವನ್ನು ಸೂಚಿಸಲಾಗಿತ್ತು. ಇದರಂತೆ ದಿನಕ್ಕೆ 12 ಲೀಟರ್ ಹಾಲು ಕೊಡುವ ಹಸುವಿಗೆ ಕನಿಷ್ಠ 36,000 ರೂ. ಆಗುತ್ತದೆ. ಇಂದಿನ ಸಂತೆಗಳಲ್ಲಿ ಅಂತಹ ಹಸುವಿಗೆ ಇದಕ್ಕಿಂತ ಹೆಚ್ಚಿನ ಬೆಲೆಯಿರುವುದರಿಂದ, ಕನಿಷ್ಠ ಬೆಲೆಗೆ ಸಹಿ ಹಾಕಿ ಸುಮ್ಮನಾಗದೆ ಮಾರುಕಟ್ಟೆಯ ಬೆಲೆಯನ್ನು ನಮೂದಿಸುವಂತೆ ಕೇಳುವುದು ಮಾಲೀಕರ ಹಕ್ಕಾಗಿರುತ್ತದೆ.

ಕಂತು ಉಳಿಸುವ ಸಲುವಾಗಿ ಬೆಲೆಯನ್ನು ಕಡಿಮೆ ತೋರಿಸಿದವರು ಮುಂದೆ ವ್ಯಥೆಪಟ್ಟಿದ್ದಾರೆ. ಬೆಲೆಯನ್ನು ವಿಪರೀತ ಹೆಚ್ಚಿಸಿ ತೋರಿಸಿದವರಿಗೂ ಲಾಭವಾಗಿಲ್ಲ. ಕೆಲವು ಪಾಲಿಸಿಗಳಲ್ಲಿ ವಿಮಾ ಮೊತ್ತ ಅಥವಾ ಕಾಯಿಲೆ ಬೀಳುವ ಮುನ್ನ ಇದ್ದ ಮಾರುಕಟ್ಟೆ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ನೀಡಲಾಗುವುದು ಎಂಬ ಷರತ್ತು ಇರುತ್ತದೆ. ಕರು ಹಾಕಿದ ಹೊಸತರಲ್ಲಿ ಹೆಚ್ಚಿನ ಬೆಲೆಗೆ ವಿಮೆಯಾದ ಹಸುವು ಹಾಲು ಬತ್ತಿದ ಕಾಲದಲ್ಲಿ ಸತ್ತಾಗ ಪರಿಹಾರ ಇಳಿದದ್ದು ಹೇಗೆಂದು ಮಾಲೀಕರು ಕೇಳುವುದು ಈ ಷರತ್ತಿನಿಂದಾಗಿಯೇ. ಇನ್ನು ಕೆಲವು ಪಾಲಿಸಿಗಳಲ್ಲಿ ಒಪ್ಪಿದ ಮೊತ್ತವನ್ನು ಪೂರ್ಣವಾಗಿ ನೀಡಲಾಗುತ್ತದೆ. ತಮ್ಮ ಪಾಲಿಸಿಯು ಯಾವ ಬಗೆಯದೆಂದು ಸಹಿ ಹಾಕುವ ಮುನ್ನವೇ ವಿಚಾರಿಸಿ ತಿಳಿಯತಕ್ಕದ್ದು.

ರಾಸು ಸತ್ತ ದಿನ ಮಾಡಬೇಕಾದ ಕಾರ್ಯಗಳು

ಮನೆಯವರೊಂದಿಗೆ ವರ್ಷಗಟ್ಟಲೆ ಬಾಳಿದ ಹಸು ರಾತ್ರಿ ಸತ್ತರೆ, ಬೆಳಗಾಗುವುದರೊಳಗೆ ಅರಿಸಿನ ಕುಂಕುಮ ಹಚ್ಚಿ, ಪೂಜೆ ಮಾಡಿ, ಹೊಲದ ಬದುವಿನಲ್ಲಿ ಹೂಳುವುದು ಹಲವೆಡೆ ನಡೆದುಬಂದ ರೂಢಿ. ಬೇಸಿಗೆಯಲ್ಲಿ ಶವವು ಬೇಗನೆ ಕೆಡುವುದರಿಂದ ತಡಮಾಡುವುದೂ ಕಷ್ಟ. ಆದರೆ ಮರಣೋತ್ತರ ಪರೀಕ್ಷೆಗೆ ಮುಂಚೆ ಹೂತ ರಾಸಿಗೆ ಪರಿಹಾರ ಪಡೆಯುವುದು ಬಹಳ ದುಸ್ತರ. ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ, ಊರ ಹಿರಿಯರು, ಹತ್ತು ಜನ ನೆರೆಯವರು ಕಣ್ಣಾರೆ ಕಂಡಿದ್ದರೂ ಅವರ ಹೇಳಿಕೆಯು ಪಶುವೈದ್ಯರ ವರದಿಗೆ ಸಮನಾಗುವುದಿಲ್ಲ.

ಸಾವು ಸಂಭವಿಸಿದ ಕೂಡಲೇ ವಿಮಾ ಕಂಪನಿಗೆ ಮಾಹಿತಿ ನೀಡಬೇಕು. ಸಾಮಾನ್ಯವಾಗಿ 24 ಗಂಟೆಗಳ ಒಳಗೆ ತಿಳಿಸುವುದು ಕ್ಷೇಮ. ದೂರವಾಣಿಯಲ್ಲಿ ತಿಳಿಸಿದಲ್ಲಿ ಕರೆ ಮಾಡಿದ ಸಮಯವನ್ನೂ, ನೀಡಿದ ನೋಂದಣಿ ಸಂಖ್ಯೆ ಇದ್ದಲ್ಲಿ ಅದನ್ನೂ ಬರೆದಿಟ್ಟುಕೊಳ್ಳಬೇಕು. ಅದೇ ಸಮಯದಲ್ಲಿ ಸಮೀಪದ ಪಶು ಚಿಕಿತ್ಸಾಲಯಕ್ಕೆ ತಿಳಿಸಿ ಮರಣೋತ್ತರ ಪರೀಕ್ಷೆಗೆ ಕೋರಬೇಕು. ವೈದ್ಯರು ಬರುವವರೆಗೆ ಶವವನ್ನು ನೆರಳಿನಲ್ಲಿಟ್ಟು, ನಾಯಿಗಳು ಹತ್ತಿರ ಬಾರದಂತೆ ನೋಡಿಕೊಳ್ಳಬೇಕು. ಮೊಬೈಲಿನಲ್ಲಿ ಇಡೀ ರಾಸಿನ, ಮುಖದ ಹಾಗೂ ಸಂಖ್ಯೆ ಸ್ಪಷ್ಟವಾಗಿ ಓದಲು ಬರುವಂತೆ ಕಿವಿಯೋಲೆಯ ಭಾವಚಿತ್ರಗಳನ್ನು ತೆಗೆದುಕೊಳ್ಳುವುದು ಉಪಯುಕ್ತ. ಓಲೆಯನ್ನು ಮಾಲೀಕರು ತಾವೇ ಕಿತ್ತು ಇಟ್ಟುಕೊಳ್ಳಬಾರದು. ಕಿವಿಯಲ್ಲಿ ಇಲ್ಲದೆ ಕೈಯಲ್ಲಿರುವ ಓಲೆಯು ಸಂಶಯಕ್ಕೆ ಎಡೆಮಾಡಿಕೊಡುತ್ತದೆ.

ಮರಣೋತ್ತರ ಪರೀಕ್ಷೆಯ ನಿಯಮಕ್ಕೆ ಒಂದು ಮುಖ್ಯವಾದ ಅಪವಾದವಿದೆ. ರಾಸು ಹಠಾತ್ತನೆ ಸತ್ತು, ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದಲ್ಲಿ ಹಾಗೂ ಶವವು ಬೇಗನೆ ಊದಿಕೊಂಡಲ್ಲಿ ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು. ಅಂತಹ ಶವವನ್ನು ಯಾವುದೇ ಕಾರಣಕ್ಕೂ ಕೊಯ್ಯಬಾರದು. ಕೊಯ್ದಲ್ಲಿ ರೋಗಾಣುಗಳು ಗಾಳಿಯ ಸಂಪರ್ಕದಿಂದ ಗಟ್ಟಿ ಕವಚದ ರೂಪ ತಾಳಿ ದಶಕಗಳವರೆಗೆ ಮಣ್ಣಿನಲ್ಲಿ ಉಳಿಯಬಲ್ಲವು. ಮನುಷ್ಯರಿಗೂ ಈ ರೋಗ ತಗಲುತ್ತದೆ. ಪಶುವೈದ್ಯರು ಕಿವಿಯ ರಕ್ತನಾಳದಿಂದ ರಕ್ತದ ಲೇಪವನ್ನು ತೆಗೆದು ಪರೀಕ್ಷಿಸಿ, ಶವವನ್ನು ಕೊಯ್ಯದಿರಲು ಕಾರಣವನ್ನು ಬರಹದಲ್ಲಿ ದಾಖಲಿಸುತ್ತಾರೆ. ಶವವನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಮರಣೋತ್ತರ ವರದಿ ಇಲ್ಲವೆಂಬ ಕಾರಣಕ್ಕೆ ಇಂತಹ ಪ್ರಕರಣದಲ್ಲಿ ಪ್ರಶ್ನೆ ಎದ್ದಲ್ಲಿ ವೈದ್ಯರ ಆ ಪ್ರಮಾಣಪತ್ರವನ್ನು ಹಾಜರುಪಡಿಸಬೇಕಾಗುತ್ತದೆ. ಆದುದರಿಂದ ಅದರ ಪ್ರತಿಯನ್ನು ಪಡೆಯಲು ಮರೆಯಬಾರದು. ವಿಮೆಯ ಹಣಕ್ಕಾಗಿ ಶವವನ್ನು ಕೊಯ್ಯಲೇಬೇಕೆಂದು ವೈದ್ಯರನ್ನು ಒತ್ತಾಯಿಸುವುದು ಇಡೀ ಗ್ರಾಮಕ್ಕೆ ಅಪಾಯ ತರುವಂತಹುದು.

ಸರ್ಕಾರದ ವಿಮಾ ಯೋಜನೆಯಡಿ ಪರಿಹಾರಕ್ಕೆ ಬೇಕಾದ ದಾಖಲೆಗಳು ನಾಲ್ಕು ಮಾತ್ರ: ಸಾವಿನ ಬಗ್ಗೆ ಕಂಪನಿಗೆ ನೀಡಿದ ಮಾಹಿತಿ, ಪಾಲಿಸಿ ಪತ್ರ, ಭರ್ತಿ ಮಾಡಿದ ಕ್ಲೇಮು ನಮೂನೆ ಮತ್ತು ಮರಣೋತ್ತರ ಪರೀಕ್ಷಾ ವರದಿ. ಇವುಗಳನ್ನು ಸಲ್ಲಿಸಿದ 15 ದಿನಗಳೊಳಗೆ ಪರಿಹಾರ ನೀಡಬೇಕೆಂಬುದು ಯೋಜನೆಯ ಆಶಯ. ವ್ಯವಹಾರದಲ್ಲಿ ಕೆಲವೊಮ್ಮೆ ಒಂದರ ಹಿಂದೆ ಒಂದರಂತೆ ಹೆಚ್ಚುವರಿ ಕಾಗದಗಳನ್ನು ಕೇಳಲಾಗುತ್ತದೆ ಎಂಬ ದೂರು ಇದೆ. ಹಾಗೆ ಕೇಳಿದಲ್ಲಿ ಏನೇನು ಬೇಕೆಂಬುದನ್ನು ಒಂದೇ ಬಾರಿಗೆ ಲಿಖಿತವಾಗಿ ತಿಳಿಸುವಂತೆ ಕೋರುವುದು ಒಳ್ಳೆಯದು. ಸಲ್ಲಿಸಿದ ಪ್ರತಿಯೊಂದು ಕಾಗದದ ನಕಲನ್ನೂ ಸ್ವೀಕೃತಿಯನ್ನೂ ಮನೆಯಲ್ಲಿಟ್ಟುಕೊಳ್ಳಬೇಕು.

ಸಾಲದ ರಾಸು ಮತ್ತು ಮಾರಾಟವಾದ ರಾಸು

ಬ್ಯಾಂಕ್ ಸಾಲದಿಂದ ಕೊಂಡ ಹಸುವಿನ ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇರುವುದರಿಂದ ಪರಿಹಾರದ ಹಣವು ಮೊದಲು ಸಾಲದ ಖಾತೆಗೆ ಜಮೆಯಾಗುತ್ತದೆ. ವಿಮೆಯ ಹಣದಿಂದ ಬೇರೆ ಹಸು ಕೊಳ್ಳಬಹುದೆಂದು ಕಾದು ಕುಳಿತ ಕುಟುಂಬಕ್ಕೆ ಕೈಗೆ ಏನೂ ಬಾರದಿರುವುದು ಆಘಾತವನ್ನೇ ಉಂಟುಮಾಡುತ್ತದೆ. ಸಾಲದ ಹೊರೆ ಇಳಿಯುವುದು ನಿಜವಾದರೂ ಕೊಟ್ಟಿಗೆ ಬರಿದಾಗಿಯೇ ಇರುತ್ತದೆ. ಇಂತಹ ಸಂದರ್ಭದಲ್ಲಿ ಹೊಸ ರಾಸಿಗಾಗಿ ಸಾಲ ನೀಡುವ ಬಗ್ಗೆ ಶಾಖೆಯ ವ್ಯವಸ್ಥಾಪಕರೊಂದಿಗೆ ಕ್ಲೇಮು ಸಲ್ಲಿಸಿದಾಗಲೇ ಮಾತನಾಡುವುದು ಉತ್ತಮ. ಮತ್ತೊಂದು ಸಂಗತಿ: ಸಾಲ ಪಡೆದ ಮೊದಲ ವರ್ಷ ಬ್ಯಾಂಕಿನ ಮೂಲಕವೇ ವಿಮೆಯಾದುದರಿಂದ ಮುಂದಿನ ವರ್ಷಗಳಲ್ಲಿಯೂ ಅದು ತಾನಾಗಿಯೇ ನವೀಕರಣವಾಗುತ್ತದೆಂದು ತಿಳಿದು ಮೋಸಹೋದವರಿದ್ದಾರೆ. ಪಾಲಿಸಿ ಮುಗಿಯುವ ದಿನಾಂಕವನ್ನು ಮಾಲೀಕರೇ ನೆನಪಿಟ್ಟುಕೊಂಡು ಅವಧಿಗೆ ಮೊದಲೇ ನವೀಕರಿಸಬೇಕು. ಒಂದು ದಿನ ತಪ್ಪಿದರೂ ಹೊಸ ಪಾಲಿಸಿಯೆಂದು ಪರಿಗಣಿಸಿ 15 ದಿನಗಳ ಕಾಯುವ ಅವಧಿ ಮತ್ತೆ ಅನ್ವಯವಾಗಬಹುದು.

ವಿಮೆಯ ಅವಧಿಯೊಳಗೆ ರಾಸನ್ನು ಮಾರಿದಲ್ಲಿ ಉಳಿದ ಅವಧಿಯ ಪ್ರಯೋಜನವನ್ನು ಕೊಂಡವರಿಗೆ ವರ್ಗಾಯಿಸಲು ಯೋಜನೆಯಲ್ಲಿ ಅವಕಾಶವಿದೆ. ಸಂತೆಯಲ್ಲಿ ಹಸು ಕೊಳ್ಳುವವರು ಹಲ್ಲು, ಸುಳಿ, ಕೆಚ್ಚಲು ನೋಡುತ್ತಾರೆ. ಪಾಲಿಸಿಯ ಕಾಗದವನ್ನು ಕೇಳುವವರು ವಿರಳ. ಮಾರಿದವರ ಹೆಸರಿನಲ್ಲಿಯೇ ಉಳಿದ ಪಾಲಿಸಿಯಿಂದ ಕೊಂಡವರಿಗೂ ಪ್ರಯೋಜನವಿಲ್ಲ, ಮಾರಿದವರಿಗೂ ಇಲ್ಲ.

ಹಸು ಬದುಕಿದ್ದೂ ನಿಷ್ಪ್ರಯೋಜಕವಾದಾಗ

ಶಾಶ್ವತವಾಗಿ ಹಾಲು ನಿಂತುಹೋಗುವುದು ಅಥವಾ ಗರ್ಭಧಾರಣೆಯ ಶಕ್ತಿಯನ್ನು ಪೂರ್ಣವಾಗಿ ಕಳೆದುಕೊಳ್ಳುವುದನ್ನು ಶಾಶ್ವತ ಪೂರ್ಣ ಅಂಗವೈಕಲ್ಯವೆಂದು ಪರಿಗಣಿಸಲಾಗುತ್ತದೆ. ಸಾಮಾನ್ಯ ಪಾಲಿಸಿಯಲ್ಲಿ ಇದಕ್ಕೆ ರಕ್ಷಣೆ ಇರುವುದಿಲ್ಲ. ಹೆಚ್ಚುವರಿ ಕಂತು ಕಟ್ಟಿ ಸೇರಿಸಿಕೊಂಡಲ್ಲಿ ವಿಮಾ ಮೊತ್ತದ ಶೇ. 75ರಷ್ಟು ನೀಡುವುದು ವಾಡಿಕೆ. ಕೆಚ್ಚಲು ಬಾವಿನಿಂದ ಒಂದು ಮೊಲೆ ಕೆಟ್ಟು ಉಳಿದ ಮೂರರಲ್ಲಿ ಹಾಲು ಬರುತ್ತಿದ್ದರೆ ಅದನ್ನು ಪೂರ್ಣ ಅಂಗವೈಕಲ್ಯವೆಂದು ಒಪ್ಪಲಾಗುವುದಿಲ್ಲ. ಗಬ್ಬ ಕಟ್ಟದ ಹಸುವಿನ ವಿಷಯದಲ್ಲಿಯೂ, ಚಿಕಿತ್ಸೆ ಕೊಡಿಸಿದ ದಾಖಲೆ ಹಾಗೂ ಪಶುವೈದ್ಯರ ಪ್ರಮಾಣಪತ್ರವಿಲ್ಲದೆ ಕ್ಲೇಮು ಮುಂದುವರಿಯುವುದಿಲ್ಲ.

ನಾಯಿಗಳ ವಿಮೆಯ ಕುರಿತು

ನಗರಗಳಲ್ಲಿ ನಾಯಿ ಸಾಕುವವರೂ ಈಗ ವಿಮೆಯ ಬಗ್ಗೆ ವಿಚಾರಿಸುತ್ತಿದ್ದಾರೆ. ಸಾರ್ವಜನಿಕ ವಲಯದ ವಿಮಾ ಕಂಪನಿಗಳ ಹಳೆಯ ಬಗೆಯ ನಾಯಿ ಪಾಲಿಸಿಗಳು ಜಾನುವಾರು ಪಾಲಿಸಿಯಂತೆಯೇ ಮುಖ್ಯವಾಗಿ ಮರಣಕ್ಕೆ ಪರಿಹಾರ ನೀಡುವಂತಹವು. 2020ರಿಂದೀಚೆಗೆ ಕೆಲವು ಖಾಸಗಿ ಕಂಪನಿಗಳು ಶಸ್ತ್ರಚಿಕಿತ್ಸೆ, ಆಸ್ಪತ್ರೆ ವಾಸ ಇವುಗಳ ವೆಚ್ಚವನ್ನು ಭರಿಸುವ ಪಾಲಿಸಿಗಳನ್ನು ತಂದಿವೆ. ಇಲ್ಲಿಯೂ ಮಾಲೀಕರ ನಿರಾಶೆಗೆ ಕಾರಣಗಳು ಬೇರೆಯಲ್ಲ: ವಯಸ್ಸಿನ ಮಿತಿ ದಾಟಿದ ನಾಯಿ, ಮೊದಲೇ ಇದ್ದ ಚರ್ಮರೋಗ ಅಥವಾ ಕೀಲಿನ ತೊಂದರೆ, ಅವಧಿ ಮೀರಿದ ಲಸಿಕಾ ಪುಸ್ತಕ, ಗುರುತಿನ ದಾಖಲೆಯ ಕೊರತೆ. ಲಸಿಕೆ, ಹಲ್ಲು ಶುಚಿಗೊಳಿಸುವಿಕೆ, ಸಂತಾನಹರಣ ಚಿಕಿತ್ಸೆಗಳಂತಹ ವಾಡಿಕೆಯ ಖರ್ಚುಗಳು ಸಾಮಾನ್ಯವಾಗಿ ಸೇರುವುದಿಲ್ಲ. ಕೊರಳಪಟ್ಟಿಗೆ ಕಟ್ಟಿದ ಬಿಲ್ಲೆಗಿಂತ ಚರ್ಮದಡಿ ಅಳವಡಿಸುವ ಅಕ್ಕಿಕಾಳಿನ ಗಾತ್ರದ ಮೈಕ್ರೋಚಿಪ್ ಹೆಚ್ಚು ನಂಬಲರ್ಹವಾದ ಗುರುತಾಗಿರುತ್ತದೆ.

ಕ್ಲೇಮು ತಿರಸ್ಕೃತವಾದಲ್ಲಿ

ತಿರಸ್ಕಾರದ ಕಾರಣವನ್ನು ಲಿಖಿತವಾಗಿ ಪಡೆಯುವುದು ಮೊದಲ ಹೆಜ್ಜೆ. ಕಚೇರಿಯಲ್ಲಿ ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದುದನ್ನು ಮುಂದೆ ಎಲ್ಲಿಯೂ ಪ್ರಶ್ನಿಸಲು ಬರುವುದಿಲ್ಲ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ನೀಡಿ, ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಅವರ ಕಚೇರಿಗೆ ದೂರು ಸಲ್ಲಿಸಬಹುದಾಗಿದೆ. ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ 155255 ಶುಲ್ಕರಹಿತ ದೂರವಾಣಿಯ ಮೂಲಕವೂ ದೂರು ದಾಖಲಿಸಬಹುದು.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಂತೆ ಮಾಲೀಕರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಹೂಡಬಹುದಾಗಿದ್ದು, ಐದು ಲಕ್ಷ ರೂ.ಗಳವರೆಗಿನ ಪ್ರಕರಣಗಳಿಗೆ ಶುಲ್ಕ ಇರುವುದಿಲ್ಲ. ದೂರಿಗೆ ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳ ಕಾಲಮಿತಿ ಇರುತ್ತದೆ. ಓಲೆ ಕಳೆದುಹೋದ ಪ್ರಕರಣಗಳಲ್ಲಿ ಹಾಲಿನ ಸಂಘದ ಪುಸ್ತಕ, ಚಿಕಿತ್ಸೆಯ ಚೀಟಿ, ಲಸಿಕೆಯ ದಾಖಲೆ, ವಿಮೆ ಮಾಡಿಸಿದ ದಿನದ ಭಾವಚಿತ್ರ ಇವುಗಳನ್ನು ಒಟ್ಟುಗೂಡಿಸಿ ಹಾಜರುಪಡಿಸುವುದರಿಂದ ರಾಸಿನ ಗುರುತನ್ನು ಸಾಬೀತುಪಡಿಸಲು ನೆರವಾಗುತ್ತದೆ. ಇವು ಯಾವುವೂ ಇಲ್ಲದೆ ಬರಿಯ ಪ್ರಮಾಣಪತ್ರವೊಂದನ್ನೇ ನೆಚ್ಚಿಕೊಂಡು ಹೋಗುವುದು ಪ್ರಯೋಜನಕಾರಿಯಲ್ಲ.

ವಿಮೆಯ ನೋಂದಣಿ, ಮರು ಓಲೆ ಅಳವಡಿಕೆ ಹಾಗೂ ಮರಣೋತ್ತರ ಪರೀಕ್ಷೆಗಾಗಿ ರೈತ ಬಾಂಧವರು ಸಮೀಪದ ಪಶು ಚಿಕಿತ್ಸಾಲಯವನ್ನು ಅಥವಾ ತಾಲ್ಲೂಕಿನ ಪಶುಪಾಲನಾ ಮತ್ತು ಪಶುವೈದ್ಯ ಸೇವಾ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದು. ತುರ್ತು ಚಿಕಿತ್ಸೆಗೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆಯನ್ನು 1962 ಸಂಖ್ಯೆಗೆ ಕರೆ ಮಾಡಿ ಪಡೆಯಬಹುದಾಗಿದೆ.